ಅಪ್ಪ ಓದಿದ ಕಾಲೇಜಿನ ಕಲಂ: ಅಮೆರಿಕದ ಕನ್ನಡ ಮನೆಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಪ್ರತಿವರ್ಷ ಆಗಸ್ಟ್ 1ಕ್ಕೆ ಕಾಮನ್ ಆ್ಯಪ್, ಅಂದರೆ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ, ತೆರೆಯುತ್ತದೆ. ಹದಿನೇಳರ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು 'ಕುಟುಂಬ' ಎಂಬ ಭಾಗಕ್ಕೆ ಬರುತ್ತಾಳೆ. ಅಪ್ಪನ ಹೆಸರು, ಉದ್ಯೋಗ, ಓದಿದ ಕಾಲೇಜು, ಪದವಿ, ಪದವಿ ಪಡೆದ ವರ್ಷ. ಅಮ್ಮನದೂ ಅಷ್ಟೇ. ನೀವು ಸುರತ್ಕಲ್ ಅಂತಲೋ ಯುವಿಸಿಇ ಅಂತಲೋ ಹೇಳುತ್ತೀರಿ, ಅವಳು ಟೈಪ್ ಮಾಡಿ ಮುಂದಿನ ಪುಟಕ್ಕೆ ಹೋಗುತ್ತಾಳೆ. ಆ ಕಲಂನಿಂದ ಅವಳಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅದೇ ಜಾಗದಲ್ಲಿ 'ಹಾರ್ವರ್ಡ್ ಕಾಲೇಜು, 1994' ಎಂದಿದ್ದು, ಅರ್ಜಿಯೂ ಹಾರ್ವರ್ಡ್‌ಗೇ ಹೋಗುತ್ತಿದ್ದರೆ ಕಡತ ಹಿಡಿಯುವ ದಾರಿಯೇ ಬೇರೆ.

ಈ ಪತ್ರ ಆ ಒಂದು ಕಲಂ ಬಗ್ಗೆ. ಅಪ್ಪ ಅಮ್ಮ ಅಲ್ಲೇ ಓದಿದ್ದರು ಎಂಬ ಕಾರಣಕ್ಕೆ ಮಕ್ಕಳಿಗೆ ಕೊಡುವ ಆದ್ಯತೆಗೆ ಇಲ್ಲಿ 'ಲೆಗಸಿ' ಎನ್ನುತ್ತಾರೆ. ಅದನ್ನು ತೆಗೆಯಿರಿ ಎಂದು ನೀವು ಕೇಳಬೇಕು, ಈಗಲೇ ಕೇಳಬೇಕು, ನಿಮ್ಮ ಮೊಮ್ಮಕ್ಕಳಿಗೆ ಅದರಿಂದ ಲಾಭವಾಗುವ ಕಾಲ ಬರುವ ಮುಂಚೆಯೇ ಕೇಳಬೇಕು. ನಾವು ಹೇಳಬೇಕಾದ ಮಾತು ಇಷ್ಟೇ. ಉಳಿದದ್ದು ಅದಕ್ಕೆ ಲೆಕ್ಕ ಮತ್ತು ದಾರಿ.

ಅಮೆರಿಕದಲ್ಲಿ 'ಪ್ರಿವಿಲೇಜ್' ಎಂಬ ಪದದ ಸುತ್ತ ನಡೆದಿರುವ ಜಗಳ ನಿಮಗೆ ಗೊತ್ತೇ ಇದೆ. ಬಿಳಿಯರಾಗಿ ಹುಟ್ಟಿದವರಿಗೆ ಅವರು ಕೇಳದಿದ್ದರೂ ಒಂದು ಅನುಕೂಲ ಬೆನ್ನಿಗಿರುತ್ತದೆ, ಬ್ಯಾಂಕಿನಲ್ಲಿ, ಬಾಡಿಗೆ ಮನೆ ಹುಡುಕುವಾಗ, ಪೊಲೀಸ್ ಗಾಡಿ ತಡೆದಾಗ ಅದು ಕಾಣುತ್ತದೆ ಎಂದು ಎಡದವರು ಹೇಳುತ್ತಾರೆ. ವೆಸ್ಟ್ ವರ್ಜೀನಿಯದಲ್ಲಿ ಕಲ್ಲಿದ್ದಲು ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಬಿಳಿಯನಿಗೆ ಅದ್ಯಾವ ಪ್ರಿವಿಲೇಜ್ ಇದೆ, ಬಣ್ಣ ನೋಡದೆ ಯೋಗ್ಯತೆ ನೋಡಿ ಎಂದು ಬಲದವರು ಕೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಒಬ್ಬರು ಅದರ ಬಗ್ಗೆ ತರಬೇತಿ ಶಿಬಿರ ನಡೆಸುತ್ತಾರೆ, ಇನ್ನೊಬ್ಬರು ಆ ಶಿಬಿರವನ್ನೇ ನಿಷೇಧಿಸುವ ಕಾನೂನು ತರುತ್ತಾರೆ. ಈ ಗದ್ದಲದಲ್ಲಿ, ಅಳೆದು ತೂಗಿ ಎಣಿಸಬಹುದಾದ, ಅರ್ಜಿಯಲ್ಲೇ ಅಚ್ಚಾಗಿರುವ ಪ್ರಿವಿಲೇಜ್ ನೂರು ವರ್ಷದಿಂದ ಹಾಗೇ ಕೂತಿದೆ.

2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಗಳಲ್ಲಿ ತೀರ್ಪು ಕೊಟ್ಟು, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ಸಲ್ಲದು ಎಂದಿತು. ಹಾರ್ವರ್ಡ್ ವಿಷಯದಲ್ಲಿ 6–2, ನಾರ್ತ್ ಕ್ಯಾರೊಲಿನಾ ವಿಷಯದಲ್ಲಿ 6–3. ನಮ್ಮ ಅನೇಕ ಮನೆಗಳಲ್ಲಿ ಅಂದು ಸಂತೋಷವಾಯಿತು. ಅದಕ್ಕೆ ಕಾರಣವೂ ಇತ್ತು: ಓದಿನ ಅಂಕ ಹೆಚ್ಚಿದ್ದರೂ ಏಷ್ಯನ್ ಮೂಲದ ಮಕ್ಕಳಿಗೆ ಹಾರ್ವರ್ಡ್ 'ವ್ಯಕ್ತಿತ್ವ'ದ ಅಂಕವನ್ನು ಸರಾಸರಿಯಲ್ಲಿ ಕಡಿಮೆ ಕೊಡುತ್ತಿದ್ದುದು ವಿಚಾರಣೆಯಲ್ಲಿ ಹೊರಬಂದಿತ್ತು. ಯೋಗ್ಯತೆಯೊಂದೇ ಅಳತೆಯಾಗಲಿ ಎಂದು ನಮ್ಮವರು ಹೇಳಿದರು. ಆ ಮಾತನ್ನು ನಾವು ಗಂಭೀರವಾಗಿ ತೆಗೆದುಕೊಂಡಿದ್ದೇವೆ. ಅದೇ ವಿಚಾರಣೆಯಲ್ಲಿ ಹೊರಬಂದ ಉಳಿದ ಅಂಕಿಗಳನ್ನೂ ಈಗ ಅಷ್ಟೇ ಗಂಭೀರವಾಗಿ ನೋಡಿ.

ಆರು ವರ್ಷಗಳ ಅರ್ಜಿಗಳ ಲೆಕ್ಕ ಅದು, 2014ರಿಂದ 2019ರವರೆಗೆ ಪದವಿ ಪಡೆಯಬೇಕಾದ ತಂಡಗಳದ್ದು. ಹಳೆ ವಿದ್ಯಾರ್ಥಿಗಳ ಮಕ್ಕಳಲ್ಲಿ 100ಕ್ಕೆ 33.6 ಮಂದಿಗೆ ಸೀಟು ಸಿಕ್ಕಿತ್ತು. ಯಾವ ನಂಟೂ ಇಲ್ಲದವರಲ್ಲಿ 100ಕ್ಕೆ 6 ಮಂದಿಗೂ ಸಿಗಲಿಲ್ಲ. ದೊಡ್ಡ ದೇಣಿಗೆದಾರರ ಕಡೆಯವರೆಂದು 'ಡೀನ್ ಆಸಕ್ತಿಯ ಪಟ್ಟಿ'ಗೆ ಸೇರಿದವರಲ್ಲಿ 100ಕ್ಕೆ 42, ಅಧ್ಯಾಪಕ ಮತ್ತು ಸಿಬ್ಬಂದಿಯ ಮಕ್ಕಳಲ್ಲಿ ಸುಮಾರು 47, ಕೋಚ್ ಆರಿಸಿಕೊಂಡ ಕ್ರೀಡಾಪಟುಗಳಲ್ಲಿ 86. ಈ ನಾಲ್ಕು ಗುಂಪು ಸೇರಿದರೆ ಅರ್ಜಿ ಹಾಕಿದವರಲ್ಲಿ 100ಕ್ಕೆ 5 ಮಂದಿಯೂ ಆಗುವುದಿಲ್ಲ, ಆದರೆ ಪ್ರವೇಶ ಪಡೆದವರಲ್ಲಿ ಸುಮಾರು 30. ಸೀಟು ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ 100ಕ್ಕೆ 43ಕ್ಕೂ ಹೆಚ್ಚು ಮಂದಿ ಈ ನಾಲ್ಕು ಬಾಗಿಲುಗಳಿಂದ ಬಂದವರು. ಏಷ್ಯನ್, ಕಪ್ಪು, ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ಯಾವ ಗುಂಪಿನಲ್ಲೂ ಅದು 16 ಮುಟ್ಟಲಿಲ್ಲ. ಆ ಬಿಳಿಯ ವಿದ್ಯಾರ್ಥಿಗಳಿಗೆ ಇಂಥ ನಂಟು ಇರದಿದ್ದರೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ತಿರಸ್ಕೃತರಾಗುತ್ತಿದ್ದರು ಎಂದು ಅದೇ ದತ್ತಾಂಶ ಇಟ್ಟುಕೊಂಡ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅವರು ಹಾರ್ವರ್ಡ್ ವಿರುದ್ಧ ದಾವೆ ಹೂಡಿದವರ ಪರ ತಜ್ಞರಾಗಿದ್ದವರ ತಂಡ ಎಂಬುದನ್ನೂ ಗಮನಿಸಿ.

ನಮ್ಮ ಮಕ್ಕಳ ಸೀಟು ಯಾರು ತೆಗೆದುಕೊಂಡರು ಎಂದು ಕೇಳುವವರು ಈ ಅಂಕಿಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು.

'ಅದು ಟೈ ಬಿದ್ದಾಗ ಮಾತ್ರ ನೋಡುವ ಅಂಶ, ಇಬ್ಬರೂ ಸಮವಾಗಿದ್ದಾಗ ತಕ್ಕಡಿ ಸ್ವಲ್ಪ ವಾಲುತ್ತದೆ ಅಷ್ಟೇ' ಎಂದು ಕಾಲೇಜುಗಳು ಹೇಳುತ್ತವೆ. ಹಾಗೆಯೇ, 'ಹಳೆ ವಿದ್ಯಾರ್ಥಿಗಳ ಮಕ್ಕಳು ಸಹಜವಾಗಿಯೇ ಓದಿನಲ್ಲಿ ಮುಂದಿರುತ್ತಾರೆ' ಎಂದೂ ಹೇಳುತ್ತವೆ. ಇದನ್ನು ಪರೀಕ್ಷಿಸುವ ಸರಳ ಉಪಾಯವೊಂದಿದೆ. ಒಂದು ಕಾಲೇಜಿನ ಹಳೆ ವಿದ್ಯಾರ್ಥಿಯ ಮಗು ಅದೇ ದರ್ಜೆಯ ಇನ್ನೊಂದು ಕಾಲೇಜಿಗೆ ಅರ್ಜಿ ಹಾಕಿದಾಗ ಏನಾಗುತ್ತದೆ ನೋಡಿ. ಮಗು ಅದೇ, ಅಂಕ ಅವೇ, ಪ್ರಬಂಧ ಅದೇ. ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರ ಜುಲೈನಲ್ಲಿ ಹೊರತಂದ ಅಧ್ಯಯನ ಹಾರ್ವರ್ಡ್, ಯೇಲ್ ಸೇರಿದ ಐವಿ ಲೀಗ್ ಎಂಬ ಗುಂಪಿನ ಎಂಟು, ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಷಿಕಾಗೊ, ಹೀಗೆ ಹನ್ನೆರಡು ಕಾಲೇಜುಗಳ ಬಗ್ಗೆ. ಅವುಗಳಲ್ಲಿ ಕೆಲವುಗಳ ಪ್ರವೇಶ ದಾಖಲೆ ಹಿಡಿದು ಅದು ಇದನ್ನೇ ನೋಡಿತು. ಅಪ್ಪನ ಕಾಲೇಜಿನಲ್ಲಿ ಸಿಕ್ಕ ಭಾರೀ ಅನುಕೂಲ ಪಕ್ಕದ ಕಾಲೇಜಿನಲ್ಲಿ ಹೆಚ್ಚುಕಡಿಮೆ ಮಾಯ. ಅಂದರೆ ತೂಕ ಇದ್ದದ್ದು ಮಗುವಿನಲ್ಲಲ್ಲ, ಕಲಂನಲ್ಲಿ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ: ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಒಂದೇ ಇದ್ದರೂ, ಆದಾಯದಲ್ಲಿ ಮೇಲಿನ ನೂರಕ್ಕೊಂದು ಪಾಲಿನ ಮನೆಯ ಮಗು ಈ ಕಾಲೇಜುಗಳನ್ನು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಗುವಿನ ಎರಡರಷ್ಟಕ್ಕೂ ಹೆಚ್ಚು. ಕಾರಣ ಮೂರು: ಲೆಗಸಿ, ಖಾಸಗಿ ಶಾಲೆಗಳು ಸಿದ್ಧಪಡಿಸಿಕೊಡುವ ಓದೇತರ ಅಂಕಗಳು, ಕ್ರೀಡಾ ನೇಮಕಾತಿ. ಪ್ರವೇಶದ ಹಂತದಲ್ಲಿ ಹುಟ್ಟುವ ಅಂತರದಲ್ಲಿ ದೊಡ್ಡ ಪಾಲು ಲೆಗಸಿಯದು. ಇದೇನು ಹತ್ತಾರು ಸಾವಿರ ಶ್ರೀಮಂತರ ಮಕ್ಕಳ ಕಥೆ, ದೇಶಕ್ಕೇನು ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕನ್ನರಲ್ಲಿ ಈ ಹನ್ನೆರಡು ಕಾಲೇಜುಗಳಲ್ಲಿ ಓದುವವರು 200ಕ್ಕೆ ಒಬ್ಬರಿಗಿಂತ ಕಡಿಮೆ. ಸೆನೆಟರುಗಳಲ್ಲಿ ಕಾಲು ಭಾಗ, ಕಳೆದ ಐವತ್ತು ವರ್ಷಗಳಲ್ಲಿ ನೇಮಕವಾದ ಸುಪ್ರೀಂ ಕೋರ್ಟ್ ನ್ಯಾಯಾಧೀಶರಲ್ಲಿ ಮುಕ್ಕಾಲು ಭಾಗ ಇಲ್ಲಿಂದ ಬಂದವರು. ದೇಶ ಆಳುವವರು ಹೋಗುವ ಬಾಗಿಲಿನಲ್ಲಿ ವಂಶಾವಳಿ ನೋಡುತ್ತಾರೆ ಎಂದರೆ ಅದು ಎಲ್ಲರ ವಿಷಯ.

ಈ ಕಲಂ ಹುಟ್ಟಿದ್ದು ಹೇಗೆ ಎಂಬುದನ್ನು ಪ್ರತಿಯೊಬ್ಬ ವಲಸಿಗ ತಿಳಿದಿರಬೇಕು. 1900ರ ಹೊತ್ತಿಗೆ ಹಾರ್ವರ್ಡ್‌ನ ವಿದ್ಯಾರ್ಥಿಗಳಲ್ಲಿ 100ಕ್ಕೆ ಸುಮಾರು 7 ಮಂದಿ ಯೆಹೂದಿಗಳಿದ್ದರು, 1922ಕ್ಕೆ ಅದು 20 ದಾಟಿತ್ತು. ಪೂರ್ವ ಯುರೋಪಿನಿಂದ ಬಂದ ದರ್ಜಿಗಳ, ತಳ್ಳುಗಾಡಿ ವ್ಯಾಪಾರಿಗಳ ಮಕ್ಕಳು ಸರ್ಕಾರಿ ಶಾಲೆಗಳಲ್ಲಿ ಓದಿ, ಪ್ರವೇಶ ಪರೀಕ್ಷೆ ಬರೆದು, ಅಂಕದ ಬಲದ ಮೇಲೆ ಒಳಗೆ ಬರುತ್ತಿದ್ದರು. ಹಾರ್ವರ್ಡ್‌ನ ಅಧ್ಯಕ್ಷ ಲಾರೆನ್ಸ್ ಲೋವೆಲ್‌ಗೆ ಇದನ್ನು ಸಹಿಸಲಾಗಲಿಲ್ಲ. 1922ರಲ್ಲಿ ಅವರು ಯೆಹೂದಿಗಳಿಗೆ ಮಿತಿ ಹಾಕುವ ಮಾತೆತ್ತಿದರು. ಬಹಿರಂಗ ಕೋಟಾಕ್ಕೆ ಅಧ್ಯಾಪಕ ವರ್ಗ ಒಪ್ಪಲಿಲ್ಲ. ಆಗ ಬಂದದ್ದು ಸುತ್ತುಬಳಸಿನ ದಾರಿ. ಆ ವರ್ಷದ ಅರ್ಜಿ ನಮೂನೆಯಲ್ಲಿ ಜನಾಂಗ ಮತ್ತು ಬಣ್ಣ, ಧರ್ಮ, ತಾಯಿಯ ತವರಿನ ಹೆಸರು, ತಂದೆ ಹುಟ್ಟಿದ ಊರು ಕೇಳಿದರು. ಜೊತೆಗೊಂದು ಪ್ರಶ್ನೆ: ಹುಟ್ಟಿದಾಗಿನಿಂದ ನಿಮ್ಮ ಅಥವಾ ನಿಮ್ಮ ತಂದೆಯ ಹೆಸರಿನಲ್ಲಿ ಏನಾದರೂ ಬದಲಾವಣೆ ಆಗಿದೆಯೇ? ಪೂರ್ಣವಾಗಿ ವಿವರಿಸಿ. ಊಟದ ಮೇಜಿನ ಮೇಲೆ ಆ ನಮೂನೆ ಹರಡಿಕೊಂಡು ಕೂತ ಒಬ್ಬ ದರ್ಜಿಯ ಮಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪ ಹೆಸರು ಚಿಕ್ಕದು ಮಾಡಿಕೊಂಡದ್ದು ಬದುಕಲಿಕ್ಕೆ. ಅದನ್ನು ಈಗ ಮಗ ಬರೆದುಕೊಡಬೇಕು.

ಅದೇ 1922ರಲ್ಲಿ ಡಾರ್ಟ್‌ಮತ್ ಹೊಸ ಪ್ರವೇಶ ಪದ್ಧತಿಯಲ್ಲಿ ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಬರೆಯಿತು. 1925ರಲ್ಲಿ ಯೇಲ್ ಸೀಟುಗಳ ಮಿತಿ ತನ್ನವರ ಮಕ್ಕಳಿಗೆ ಅಡ್ಡಬರದಂತೆ ನೋಡಿಕೊಂಡಿತು. 'ಚಾರಿತ್ರ್ಯ', ಸಂದರ್ಶನ, ಫೋಟೊ, ಹಳೆಯವರ ಮಕ್ಕಳು: ಇವೆಲ್ಲ ಒಂದೇ ಗೊಂಚಲಿನಲ್ಲಿ ಬಂದವು. ಹೊಸಬರ ಅಂಕ ಹೆಚ್ಚಾದಾಗ ಅಂಕ ಸಾಲದು ಎಂದು ಹೇಳಲು ಕಟ್ಟಿದ ಬೇಲಿ ಅದು. ಈಚಿನ ದಶಕಗಳಲ್ಲಿ ನಮ್ಮ ಮಕ್ಕಳ ಎದುರು 'ವ್ಯಕ್ತಿತ್ವ'ದ ಅಂಕವಾಗಿ ನಿಂತದ್ದೂ ಆ ಬೇಲಿಯ ಒಂದು ಗೂಟವೇ.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಏನಾಗುತ್ತಿತ್ತು? 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು, 1919ರಲ್ಲಿ ವರದಿ ಬಂತು, 1921ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಆದೇಶವಾಯಿತು. ದಿವಾನ್ ವಿಶ್ವೇಶ್ವರಯ್ಯನವರು ದಕ್ಷತೆಯ ಪ್ರಶ್ನೆ ಎತ್ತಿದ್ದರು, ಮಹಾರಾಜರೊಂದಿಗೆ ಈ ವಿಷಯದಲ್ಲಿ ಅವರಿಗೆ ಒಮ್ಮತವಿರಲಿಲ್ಲ. ಯೋಗ್ಯತೆಯೆಂದರೇನು, ಅದು ಯಾರ ಮನೆಯಲ್ಲಿ ಮೊದಲೇ ತಯಾರಾಗಿರುತ್ತದೆ ಎಂಬ ಚರ್ಚೆ ಕನ್ನಡ ನಾಡಿಗೆ ನೂರು ವರ್ಷ ಹಳೆಯದು. ಇದನ್ನು ನೆನಪಿಸುವುದಕ್ಕೆ ಕಾರಣವಿದೆ. ನಾವು ಇಲ್ಲಿಗೆ ಬಂದದ್ದು ಬರಿಗೈಯಲ್ಲಲ್ಲ. 1965ರ ವಲಸೆ ಕಾನೂನು ಮತ್ತು ಅದರ ನಂತರದ ವೀಸಾಗಳು ಓದಿದವರನ್ನೇ ಆರಿಸಿ ತಂದವು. ಇಲ್ಲಿರುವ ವಯಸ್ಕ ಭಾರತೀಯರಲ್ಲಿ ನಾಲ್ವರಲ್ಲಿ ಮೂವರಿಗೆ ಕಾಲೇಜು ಪದವಿಯಿದೆ, ಅದರಲ್ಲಿ ಎಷ್ಟೋ ಪದವಿಗಳಿಗೆ ಅಲ್ಲಿನ ಸರ್ಕಾರ ಹಣ ಕೊಟ್ಟಿತ್ತು. ಹೀಗಿರುವಾಗ ಪ್ರಿವಿಲೇಜ್ ಎಂಬ ಮಾತು ಬಂದ ಕೂಡಲೇ 'ಅದು ಬಿಳಿಯರ ವಿಷಯ' ಎಂದು ಎದ್ದು ಹೋಗುವ ಅವಕಾಶ ನಮಗಿಲ್ಲ.

ಕರ್ನಾಟಕದವರಿಗೆ ಇನ್ನೊಂದು ಪದ ಚೆನ್ನಾಗಿ ಗೊತ್ತು, 'ಡೊನೇಷನ್ ಸೀಟು'. 1984ರಲ್ಲೇ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾನೂನು ಮಾಡಿತು. ಆ ಪದ್ಧತಿ ನಿಂತಿತು ಎನ್ನಲಾರೆವು, ಆದರೆ ಅದು ತಪ್ಪು ಎಂಬುದು ಕಾನೂನಿನ ಪುಸ್ತಕದಲ್ಲಿದೆ. ಇಲ್ಲಿ ಅದಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. ಶೇ. 37ರ ಗರಿಷ್ಠ ದರದಲ್ಲಿ ಆದಾಯ ತೆರಿಗೆ ಕಟ್ಟುವವರು 100 ಡಾಲರ್ ದೇಣಿಗೆ ಕೊಟ್ಟು ಕಡಿತ ಪಡೆದರೆ, ಅದರಲ್ಲಿ ಸುಮಾರು ಮೂರನೇ ಒಂದು ಪಾಲಿಗೂ ಹೆಚ್ಚು ಫೆಡರಲ್ ಖಜಾನೆಗೆ ಬರಬೇಕಿದ್ದ ಹಣ. ಸೀಟಿಗೆ ಪ್ರತಿಯಾಗಿ ಎಂದು ಬರೆದುಕೊಡುವಂತಿಲ್ಲ, ಬರೆಯದೆಯೇ ನಡೆಯುತ್ತದೆ. 2018ರ ಹಾರ್ವರ್ಡ್ ವಿಚಾರಣೆಯಲ್ಲಿ ಓದಿದ ಇಮೇಲ್‌ಗಳಲ್ಲಿ, ಕಟ್ಟಡಕ್ಕೆ ಹಣ ಒಪ್ಪಿಕೊಂಡವರ ಕಡೆಯ ಪ್ರವೇಶಕ್ಕಾಗಿ ಪ್ರವೇಶ ವಿಭಾಗದ ಮುಖ್ಯಸ್ಥರಿಗೆ ಸಂತೋಷದಿಂದ ಹೇಳಿದ ಧನ್ಯವಾದ ಇತ್ತು. 'ನಮ್ಮದು ಖಾಸಗಿ ಸಂಸ್ಥೆ, ಯಾರಿಗೆ ಬೇಕಾದರೂ ಸೀಟು ಕೊಡುತ್ತೇವೆ' ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ತೆರಿಗೆ ವಿನಾಯಿತಿ, ಸಂಶೋಧನಾ ಅನುದಾನ, ಬಡ ವಿದ್ಯಾರ್ಥಿಯ ಪೆಲ್ ಅನುದಾನ ಎಲ್ಲವೂ ಸಾರ್ವಜನಿಕ ಹಣವೇ.

ದೇಣಿಗೆ ನಿಂತುಹೋಗುತ್ತದೆ ಎಂಬ ಹೆದರಿಕೆಗೆ ಜಾನ್ಸ್ ಹಾಪ್ಕಿನ್ಸ್ ಉತ್ತರ ಕೊಟ್ಟಿದೆ. ರಾನ್ ಡೇನಿಯಲ್ಸ್ ಅಧ್ಯಕ್ಷರಾಗಿ ಬಂದ 2009ರಲ್ಲಿ ಅಲ್ಲಿ ಹೊಸ ತಂಡದಲ್ಲಿ ಹಳೆಯವರ ಮಕ್ಕಳು ಶೇ. 12.5, ಪೆಲ್ ಅನುದಾನಕ್ಕೆ ಅರ್ಹರಾದವರು ಶೇ. 9. ಸದ್ದಿಲ್ಲದೆ 2014ರ ಹೊತ್ತಿಗೆ ಆದ್ಯತೆ ಕೈಬಿಟ್ಟು, 2020ರ ಆರಂಭದಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. 2019ಕ್ಕೆ ಮೊದಲನೆಯದು 3.5ಕ್ಕೆ ಇಳಿದಿತ್ತು, ಎರಡನೆಯದು 19ಕ್ಕೆ ಏರಿತ್ತು. ಈ ನಡುವೆ, 2018ರಲ್ಲಿ, ಅಲ್ಲಿನ ಹಳೆ ವಿದ್ಯಾರ್ಥಿ ಮೈಕೆಲ್ ಬ್ಲೂಮ್‌ಬರ್ಗ್ ವಿದ್ಯಾರ್ಥಿ ನೆರವಿಗೆಂದು 180 ಕೋಟಿ ಡಾಲರ್ ಕೊಟ್ಟರು. ಎಂಐಟಿ, ಕ್ಯಾಲ್‌ಟೆಕ್ ಲೆಗಸಿ ನೋಡುವುದೇ ಇಲ್ಲ. ಅವುಗಳ ಬೊಕ್ಕಸ ಬರಿದಾಗಿಲ್ಲ.

ನಮ್ಮ ಮಟ್ಟಿಗೆ ಹೆಚ್ಚು ಪಾಠವಿರುವುದು ಟೆಕ್ಸಾಸ್‌ನಲ್ಲಿ. 2003ರ ಕೊನೆಯಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಗೇಟ್ಸ್, ಮುಂದೆ ರಕ್ಷಣಾ ಕಾರ್ಯದರ್ಶಿಯಾದವರು, ಪ್ರವೇಶದಲ್ಲಿ ಜನಾಂಗ ನೋಡುವುದಿಲ್ಲ, ಯೋಗ್ಯತೆಯೊಂದನ್ನೇ ನೋಡುತ್ತೇವೆ ಎಂದರು. ಜನಪ್ರತಿನಿಧಿಗಳು ಎದ್ದು ಒಂದೇ ಪ್ರಶ್ನೆ ಕೇಳಿದರು: ಹಾಗಾದರೆ ಅಜ್ಜ ಅಪ್ಪ ಇಲ್ಲಿ ಓದಿದ್ದಕ್ಕೆ ಅಂಕ ಯಾಕೆ? 2004ರ ಜನವರಿಯಲ್ಲೇ ಗೇಟ್ಸ್ ಅದನ್ನು ರದ್ದು ಮಾಡಿದರು. ಕೆಲವೇ ವಾರಗಳ ಕೆಲಸ. ಅದೇ 2003ರಲ್ಲಿ ಸುಪ್ರೀಂ ಕೋರ್ಟ್ ಮಿಷಿಗನ್ ವಿಶ್ವವಿದ್ಯಾಲಯದ 150 ಅಂಕಗಳ ಪಟ್ಟಿಯನ್ನು ತಳ್ಳಿಹಾಕಿತ್ತು. ಅದರಲ್ಲಿ ಎಸ್‌ಎಟಿಯ ಪೂರ್ಣಾಂಕಕ್ಕೆ 12, ಅಲ್ಪಸಂಖ್ಯಾತ ಜನಾಂಗಕ್ಕೆ 20, ತಂದೆ ಅಥವಾ ತಾಯಿ ಅಲ್ಲೇ ಓದಿದ್ದರೆ 4. ದೇಶವೆಲ್ಲ ಆ 20ರ ಬಗ್ಗೆ ಕಾದಾಡಿತು, 4 ಮೊಕದ್ದಮೆಯ ವಿಷಯವೇ ಆಗಲಿಲ್ಲ. 2023ರ ನಂತರ ನಡೆದಿರುವುದೂ ಹೆಚ್ಚುಕಡಿಮೆ ಇದೇ. ತೀರ್ಪಿನ ಮುಂದಿನ ವರ್ಷ ಎಂಐಟಿಯ ಹೊಸ ತಂಡದಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ. 13ರ ಆಸುಪಾಸಿನಿಂದ 5ಕ್ಕೆ ಇಳಿದರು, ಏಷ್ಯನ್ ಮೂಲದವರು 47ಕ್ಕೆ ಏರಿದರು. ನೂರಾರು ವರ್ಷ ಗುಲಾಮಗಿರಿ, ಆಮೇಲೆ ಬೇರ್ಪಡಿಕೆ ಅನುಭವಿಸಿದವರಿಗೆ ಇದ್ದ ಒಂದು ಆಸರೆ ಹೋಯಿತು, ಉಳ್ಳವರಿಗೆ ಇದ್ದ ಆಸರೆ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಹಲವೆಡೆ ಹಾಗೇ ಇದೆ. ಮೊದಲನೆಯದನ್ನು ತೆಗೆಯಲು ದನಿಯೆತ್ತಿದವರ ಮೇಲೆ ಎರಡನೆಯದರ ಹೊಣೆ ಇದೆ. ತೀರ್ಪನ್ನು ವಿರೋಧಿಸಿದವರ ಮೇಲೂ ಇದೆ, ಅವರು ಈ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು.

ಪಕ್ಷ ಯಾವುದಾದರೂ ಇದನ್ನು ಕೇಳಬಹುದು. ತೀರ್ಪಿನ ಜೊತೆ ಪ್ರತ್ಯೇಕ ಅಭಿಪ್ರಾಯ ಬರೆದ ಸಂಪ್ರದಾಯವಾದಿ ನ್ಯಾಯಮೂರ್ತಿ ನೀಲ್ ಗೋರ್ಸಚ್ ಲೆಗಸಿಯನ್ನು ಟೀಕಿಸಿದರು, ಡೆಮಾಕ್ರಟಿಕ್ ಅಧ್ಯಕ್ಷ ಬೈಡನ್ ಅದೇ ದಿನ ಟೀಕಿಸಿದರು. ವರ್ಜೀನಿಯದ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ನಿಷೇಧಿಸುವ ಮಸೂದೆ 2024ರಲ್ಲಿ ಎರಡೂ ಸದನಗಳಲ್ಲಿ ಒಂದೇ ಒಂದು ವಿರೋಧ ಮತವಿಲ್ಲದೆ ಪಾಸಾಯಿತು, ರಿಪಬ್ಲಿಕನ್ ಗವರ್ನರ್ ಸಹಿ ಹಾಕಿದರು. ಸೆನೆಟ್‌ನಲ್ಲಿ ಡೆಮಾಕ್ರಟ್ ಟಿಮ್ ಕೇನ್ ಮತ್ತು ರಿಪಬ್ಲಿಕನ್ ಟಾಡ್ ಯಂಗ್ 2023ರಲ್ಲಿ ಜೊತೆಯಾಗಿ ಮಸೂದೆ ತಂದರು. 2022ರ ಪ್ಯೂ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಮೂವರು ಅಮೆರಿಕನ್ನರು ಇದು ಪ್ರವೇಶದಲ್ಲಿ ಲೆಕ್ಕಕ್ಕೆ ಬರಬಾರದು ಎಂದರು. ಇಷ್ಟಾದರೂ ಅದು ಉಳಿದಿದೆ ಎಂದರೆ, ತೀರ್ಮಾನಿಸುವ ಮಂಡಳಿಗಳಲ್ಲಿ ಕೂತವರಲ್ಲಿ ಹಲವರು ಆ ಕಾಲೇಜಿನಲ್ಲೇ ಓದಿದವರು, ಅವರಿಗೂ ಮಕ್ಕಳು ಮೊಮ್ಮಕ್ಕಳಿದ್ದಾರೆ.

ಇಲ್ಲಿಗೆ ಬರುತ್ತದೆ ನಮ್ಮ ಸಂಕಟದ ಮಾತು. ಲೆಗಸಿ ತೆಗೆಯುವ ಚರ್ಚೆ ಎದ್ದಾಗ ಕೆಲವು ಕಪ್ಪು ಹಳೆ ವಿದ್ಯಾರ್ಥಿಗಳು ಕೇಳಿದರು: ನಮ್ಮ ಮಕ್ಕಳ ಸರದಿ ಬಂದಾಗಲೇ ಬಾಗಿಲು ಮುಚ್ಚುತ್ತೀರಾ? ಆ ನೋವು ನಿಜವಾದದ್ದು, ಅವರ ಮುಂದೆ ನೀತಿ ಹೇಳುವ ಅರ್ಹತೆ ನಮಗಿಲ್ಲ. ನಮ್ಮ ಸರದಿಯೂ ಹತ್ತಿರ ಬಂದಿದೆ. 1990ರ ದಶಕದಲ್ಲಿ ಬಂದವರ ಮಕ್ಕಳು ಇಂದು ಪ್ರಿನ್ಸ್‌ಟನ್, ಕಾರ್ನೆಲ್, ಡ್ಯೂಕ್ ಮುಗಿಸಿ ಮದುವೆಯಾಗುತ್ತಿದ್ದಾರೆ. ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ 'ಅಪ್ಪ ಓದಿದ ಕಾಲೇಜು' ಎಂಬ ಕಲಂನಲ್ಲಿ ಸುರತ್ಕಲ್ ಇರುವುದಿಲ್ಲ. ಆಗ ನಮ್ಮ ಮನೆಯ ಮೊಮ್ಮಗ, ಎಚ್-1ಬಿ ವೀಸಾದಲ್ಲಿ ಈಗಷ್ಟೇ ಬಂದ ಹಾಸನದವನ ಮಗಳನ್ನು ಹಿಂದಕ್ಕೆ ತಳ್ಳಿ ಒಳಗೆ ಹೋಗುತ್ತಾನೆ, ತಳ್ಳಿದ್ದು ಅವನಿಗೆ ಗೊತ್ತೂ ಆಗುವುದಿಲ್ಲ. ಅಪ್ಪ ನೆಟ್ಟ ಆಲದ ಮರ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಇದು ಇನ್ನೊಬ್ಬರ ಮಗುವಿನ ಬಿಸಿಲನ್ನೂ ಕಸಿಯುವ ಮರ.

ಇನ್ನು ಮಾಡಬೇಕಾದದ್ದು. ಮೊದಲು ಕಾಲೇಜಿನ ಸ್ಥಿತಿ ತಿಳಿಯಿರಿ. ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿದರೆ ಒಂದು ದಾಖಲೆ ಸಿಗುತ್ತದೆ. ಅದರ ಸಿ7 ಎಂಬ ಕೋಷ್ಟಕದಲ್ಲಿ ಪ್ರವೇಶದ ಒಂದೊಂದು ಅಂಶದ ಮುಂದೆ ನಾಲ್ಕು ಚೌಕಗಳಿರುತ್ತವೆ: ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ. ಹಳೆ ವಿದ್ಯಾರ್ಥಿ ಸಂಬಂಧದ ಸಾಲು ನೋಡಿ. 'ಪರಿಗಣಿಸುತ್ತೇವೆ' ಎಂಬುದು ಸಣ್ಣ ಮಾತೆಂದು ಸುಮ್ಮನಾಗಬೇಡಿ, ಎಷ್ಟು ತೂಕ ಎಂಬುದನ್ನು ಆ ಚೌಕ ಹೇಳುವುದೇ ಇಲ್ಲ. ಹಾಗೇ ಸಿ21ಕ್ಕೆ ಬನ್ನಿ, ಅಲ್ಲಿ 'ಅರ್ಲಿ ಡಿಸಿಷನ್' ಅರ್ಜಿಗಳೆಷ್ಟು, ಸೀಟು ಎಷ್ಟು ಎಂದಿರುತ್ತದೆ. ನವೆಂಬರ್‌ನಲ್ಲೇ ಅರ್ಜಿ ಹಾಕಿ, ಸಿಕ್ಕರೆ ಇಲ್ಲೇ ಸೇರುತ್ತೇನೆ ಎಂದು ಮಾತು ಕೊಡುವ ಪದ್ಧತಿ ಅದು. ಇಂಥ ಖಾಸಗಿ ಕಾಲೇಜುಗಳಲ್ಲಿ ವರ್ಷದ ಖರ್ಚು 80,000 ಡಾಲರ್ ದಾಟಿರುವಾಗ ನೆರವಿನ ಮೊತ್ತಗಳನ್ನು ಹೋಲಿಸಿ ನೋಡದೆ ಮಾತು ಕೊಡಬಲ್ಲವರು ಯಾರು? ಲೆಗಸಿ ಮಕ್ಕಳಿಗೆ ಸಲಹೆಗಾರರು ಹೇಳಿಕೊಡುವ ದಾರಿ ಇದೇ.

ಮಗು ಆಗಲೇ ಕಾಲೇಜು ಸೇರಿದ್ದರೆ ಅವಳು ತನ್ನದೇ ಪ್ರವೇಶದ ಕಡತ ಕೇಳಬಹುದು. ಫೆರ್ಪಾ ಎಂಬ ಫೆಡರಲ್ ಕಾನೂನಿನ ಪ್ರಕಾರ ರಿಜಿಸ್ಟ್ರಾರ್ ಕಚೇರಿಗೆ ಲಿಖಿತ ಕೋರಿಕೆ ಕೊಟ್ಟರೆ 45 ದಿನದೊಳಗೆ ತೋರಿಸಬೇಕು. ಶಿಫಾರಸು ಪತ್ರ ನೋಡುವ ಹಕ್ಕನ್ನು ಅರ್ಜಿಯಲ್ಲೇ ಬಿಟ್ಟುಕೊಟ್ಟಿದ್ದರೆ ಅದು ಸಿಗುವುದಿಲ್ಲ. ಉಳಿದ ಅಂಕ, ಷರಾ ಸಿಗುತ್ತವೆ, ಕಾಲೇಜು ಅವನ್ನು ಇನ್ನೂ ಇಟ್ಟುಕೊಂಡಿದ್ದರೆ. ಹಲವು ಕಾಲೇಜುಗಳು ಬೇಗ ಅಳಿಸುತ್ತವೆ, ಆದ್ದರಿಂದ ಮೊದಲ ಸೆಮಿಸ್ಟರ್‌ನಲ್ಲೇ ಕೇಳಬೇಕು.

ಆಮೇಲೆ ಕಾನೂನು. ಕೊಲೊರಾಡೊ 2021ರಲ್ಲಿ, ವರ್ಜೀನಿಯ ಮತ್ತು ಇಲಿನಾಯ್ 2024ರಲ್ಲಿ ಸರ್ಕಾರಿ ಕಾಲೇಜುಗಳಿಗೆ ಇದನ್ನು ನಿಷೇಧಿಸಿದವು. ಮೇರಿಲ್ಯಾಂಡ್ 2024ರಲ್ಲಿ ಖಾಸಗಿಯವಕ್ಕೂ ಅನ್ವಯಿಸಿತು. ಖಾಸಗಿ ಕಾಲೇಜುಗಳಲ್ಲಿ ಇದನ್ನು ನಿಷೇಧಿಸುವ ಕ್ಯಾಲಿಫೋರ್ನಿಯದ ಮಸೂದೆ ಎಬಿ 1780ಕ್ಕೆ 2024ರ ಸೆಪ್ಟೆಂಬರ್ 30ರಂದು ಸಹಿ ಬಿತ್ತು, 2025ರ ಸೆಪ್ಟೆಂಬರ್ 1ರಿಂದ ಜಾರಿ. ಅಲ್ಲಿ ಆದ ಎಡವಟ್ಟನ್ನು ಬೇರೆ ರಾಜ್ಯದವರು ಗಮನಿಸಲೇಬೇಕು. ಕಾನೂನಿನಲ್ಲಿ ದಂಡವಿಲ್ಲ, ಮುರಿದವರ ಹೆಸರು ಪ್ರಕಟಿಸುವುದು ಮಾತ್ರ ಇದೆ. ಸ್ಟ್ಯಾನ್‌ಫರ್ಡ್ 2025ರಲ್ಲಿ ಏನು ಮಾಡಿತೆಂದರೆ, ಲೆಗಸಿ ಮುಂದುವರಿಸುತ್ತೇವೆ, ಬದಲಿಗೆ ಕ್ಯಾಲ್ ಗ್ರಾಂಟ್ ಎಂಬ ರಾಜ್ಯದ ವಿದ್ಯಾರ್ಥಿ ನೆರವಿನ ಹಣ ಬಿಡುತ್ತೇವೆ, ಆ ವಿದ್ಯಾರ್ಥಿಗಳಿಗೆ ನಮ್ಮದೇ ಹಣ ಕೊಡುತ್ತೇವೆ ಎಂದಿತು. ರಾಜ್ಯದ ಹಣ ಬಿಟ್ಟುಕೊಡುವಷ್ಟು ಬೆಲೆ ಆ ಕಲಂಗೆ ಇದೆ ಎಂದ ಮೇಲೆ 'ಸಣ್ಣ ಅಂಶ' ಎಂಬ ಮಾತು ಎಲ್ಲಿ ಉಳಿಯಿತು? ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ಗಳಲ್ಲೂ ಮಸೂದೆಗಳು ಬಂದಿವೆ, ಕನೆಕ್ಟಿಕಟ್‌ನಲ್ಲಿ 2022ರಲ್ಲಿ ಬಂದದ್ದನ್ನು ಯೇಲ್ ವಿರೋಧಿಸಿತು. ನಿಮ್ಮ ರಾಜ್ಯದ ಶಾಸಕರಿಗೆ ಬರೆಯುವಾಗ ಹೆಸರು ಪ್ರಕಟಣೆ ಸಾಲದು ಎಂದು ಬರೆಯಿರಿ. ನಿಧಿಯ ಗಾತ್ರಕ್ಕೆ ತಕ್ಕ ದಂಡ, ಆ ಹಣ ಸಮುದಾಯ ಕಾಲೇಜುಗಳಿಗೆ, ಇದನ್ನು ಕೇಳಿ. ಶಿಕ್ಷಣ ಸಮಿತಿಯ ಮುಂದೆ ಸಾರ್ವಜನಿಕ ವಿಚಾರಣೆ ಇದ್ದಾಗ ಎರಡು ಮೂರು ನಿಮಿಷ ಮಾತನಾಡಲು ಮೊದಲೇ ಹೆಸರು ನೋಂದಾಯಿಸಬೇಕು. ಕಾಲೇಜುಗಳ ಪರ ಲಾಬಿ ಮಾಡುವವರು ತಪ್ಪದೆ ಬಂದಿರುತ್ತಾರೆ. ಕುರ್ಚಿ ಖಾಲಿ ಇರುವುದು ನಮ್ಮಂಥವರದು.

ಬರೀ 'ಲೆಗಸಿ' ಎಂಬ ಪದ ತೆಗೆದರೆ ಸಾಲದು, ಇದು ಬಹಳ ಮಂದಿ ತಪ್ಪುವ ಜಾಗ. ತಂದೆ ತಾಯಿಯ ಕಾಲೇಜಿನ ಹೆಸರು ಅರ್ಜಿಯಲ್ಲೇ ಉಳಿದರೆ ಓದುವವರ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದದ್ದು ಅಂಕದಲ್ಲಿ ಸೇರುತ್ತದೆ. ಹೆತ್ತವರು ಕಾಲೇಜು ಮುಗಿಸಿದ್ದಾರೋ ಇಲ್ಲವೋ ಎಂಬುದಷ್ಟೇ ಓದುಗರಿಗೆ ಕಂಡರೆ ಸಾಕು, ಮನೆಯ ಮೊದಲ ಪದವೀಧರ ಮಗುವನ್ನು ಗುರುತಿಸಲು ಅದು ಬೇಕು. ದೇಣಿಗೆ ಸಂಗ್ರಹದ ವಿಭಾಗದಿಂದ ಪ್ರವೇಶ ವಿಭಾಗಕ್ಕೆ ಯಾವ ಪಟ್ಟಿಯೂ, ಕರೆಯೂ ಹೋಗಬಾರದು. ರೋಯಿಂಗ್, ಫೆನ್ಸಿಂಗ್, ಸ್ಕ್ವಾಷ್, ಸೇಯ್ಲಿಂಗ್‌ನಂಥ ದುಬಾರಿ ಕ್ರೀಡೆಗಳ ಕೋಚ್‌ಗಳಿಗೆ ಮೀಸಲಾದ ಸೀಟುಗಳ ಸಂಖ್ಯೆ ಹೊರಗೆ ಬರಬೇಕು. 2019ರಲ್ಲಿ ಸಿಕ್ಕಿಬಿದ್ದ ಪ್ರವೇಶ ಹಗರಣದಲ್ಲಿ ದೋಣಿ ಹತ್ತದ ಮಕ್ಕಳು ಕ್ರೀಡಾಪಟುಗಳಾಗಿ ಕಾಣಿಸಿಕೊಂಡದ್ದು ಈ ಸಂದಿಯಿಂದಲೇ. ಪ್ರವೇಶ ಪಡೆದವರ ಲೆಕ್ಕವನ್ನು ಕುಟುಂಬದ ಆದಾಯದ ಹಂತಗಳಲ್ಲಿ ಪ್ರತಿವರ್ಷ ಪ್ರಕಟಿಸಬೇಕು. ಹೊಸ ನಿಯಮ ನಿಜಕ್ಕೂ ನಡೆಯುತ್ತಿದೆಯೇ ಎಂದು ಹೊರಗಿನವರು ಕಂಡುಕೊಳ್ಳುವ ದಾರಿ ಅದೊಂದೇ.

ಕೊನೆಗೆ, ಇಲ್ಲಿನ ಕಾಲೇಜುಗಳಲ್ಲಿ ಓದಿ ಮುಗಿಸಿದ ನಮ್ಮ ಯುವಕ ಯುವತಿಯರಿಗೆ. ನಿಮ್ಮ ಮಾತಿಗೆ ಅಪ್ಪ ಅಮ್ಮನ ಮಾತಿಗಿಂತ ಹೆಚ್ಚು ಬೆಲೆ ಇದೆ, ಯಾಕೆಂದರೆ ಬಿಟ್ಟುಕೊಡಬೇಕಾದದ್ದು ನಿಮ್ಮ ಮಕ್ಕಳ ಪಾಲು. ಹೆಚ್ಚಿನ ಕಾಲೇಜುಗಳ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಹಳೆ ವಿದ್ಯಾರ್ಥಿ ನಿಧಿಯಿಂದ ಪತ್ರ, ಫೋನು ಬರುತ್ತವೆ. 25 ಡಾಲರ್ ಕೊಟ್ಟರೂ ಸಾಕು ಎನ್ನುತ್ತಾರೆ, ಎಷ್ಟು ಮಂದಿ ಕೊಟ್ಟರು ಎಂಬ ಶೇಕಡಾವಾರು ಅವರಿಗೆ ಮುಖ್ಯ. ಆ ಪತ್ರವನ್ನು ಬುಟ್ಟಿಗೆ ಹಾಕಬೇಡಿ, ಉತ್ತರ ಬರೆಯಿರಿ. ನಿಧಿಯ ನಿರ್ದೇಶಕರಿಗೆ ಒಂದು ಪ್ರತಿ, ಪ್ರವೇಶ ವಿಭಾಗದ ಡೀನ್‌ಗೆ ಒಂದು, ಟ್ರಸ್ಟಿಗಳ ಮಂಡಳಿಯ ಕಾರ್ಯದರ್ಶಿಗೆ ಒಂದು. ಪದವಿಯ ವರ್ಷ ನಮೂದಿಸಿ, ಒಂದೇ ವಾಕ್ಯ ಸಾಕು: ಅರ್ಜಿದಾರರ ತಂದೆ ತಾಯಿ ಎಲ್ಲಿ ಓದಿದರು ಎಂಬುದನ್ನು ಪ್ರವೇಶದ ಕಡತದಿಂದ ತೆಗೆದಾಗ ನನಗೆ ತಿಳಿಸಿ, ಅಂದೇ ನನ್ನ ಚೆಕ್ ಕಳಿಸುತ್ತೇನೆ.

ಇಂತಿ ನಿಮ್ಮ,
ಕಾಲೇಜು ಪ್ರವೇಶದ ದಾಖಲೆಗಳನ್ನು ಓದುವ ಕೆಲಸದಲ್ಲಿರುವ ಕೆಲವು ಕನ್ನಡಿಗರು